ಗೋಡೆ ಬಿಡುವ ಅಂಟು

ಷಿಚಿಯಾವ್ ಊರು
೧೯೬೮, ಮಂಜು ಬೀಳಲು ಶುರುವಾದ ವಾರ

ನನ್ನ ಮುದ್ದು ಯಾನ್‌ಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದ.

ಮೊದಲೇ ಒಂದು ಮಾತು. ಲಕೋಟೆಯ ಮೇಲಿನ ಬರಹ ನೋಡಿ ಗಾಬರಿ ಬೀಳಬೇಡ. ನಿನಗೆ ಬರುವ ಲಕೋಟೆಯ ಮೇಲೆ ಯಾವಾಗಲೂ ಅಪ್ಪನೇ ಹೆಸರು ಬರೆಯುತ್ತಿದ್ದರು. ಈ ಸಲ ಆ ಸೊಟ್ಟಗೆರೆ ಯಾರದು ಅಂತ ಆಮೇಲೆ ಹೇಳುತ್ತೇನೆ. ಅಪ್ಪ ಬದುಕಿದ್ದಾರೆ. ಅಷ್ಟನ್ನು ಓದಿಕೊಂಡು ಒಂದು ಲೋಟ ಬಿಸಿನೀರು ಕುಡಿದು ಮುಂದಕ್ಕೆ ಓದು. ಹತ್ತಿ ಕೋಟಿನ ಒಳಗೆ ಬನಿಯನ್ ಹಾಕಿಕೊಂಡಿದ್ದೀಯಾ? ಆ ಉತ್ತರದ ಹೊಲಗಳಲ್ಲಿ ಗಾಳಿ ಮೂಳೆಗೆ ಹೋಗುತ್ತದಂತೆ.

ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ. ಅಲ್ಲಿ ಕಾಗದ ಒಡೆದು ಓದುತ್ತಾರೆ. ದೋಣಿಕಟ್ಟೆಯ ಮಿಯಾವ್ ಅಕ್ಕನ ಸೊಸೆ ನಿಮ್ಮ ಕಡೆಗೇ ಬರುತ್ತಿದ್ದಾಳೆ, ಅವಳ ಕೈಲಿ ಕಳಿಸುತ್ತೇನೆ. ಅವಳೂ ಒಡೆದು ಓದಿದರೆ? ಓದಲಿ, ನನ್ನ ಅಕ್ಷರ ಯಾರಿಗೆ ಅರ್ಥವಾಗುತ್ತದೆ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ತಾತ ನನ್ನನ್ನು, ಬರಹ ಚಿತ್ರಗಳ ಹಿಂದೆ ಕಾಗದ ಅಂಟಿಸಿ ಪಟ ಕಟ್ಟುವ ತಮ್ಮ ಅಂಗಡಿಯಲ್ಲಿ ಕೂರಿಸಿದ್ದು ನಿನಗೆ ಗೊತ್ತಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಅಪ್ಪನ ಬಲಗೈ ಹೇಗಿದೆ ಅಂತ. ಯಾರು ಏನು ಹೇಳಿದರೋ ಏನೋ. ನಾನು ಮೊದಲಿನಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ಕೊನೆ ಬರೆಯಲು ನನಗೆ ಕೈ ಬರುವುದಿಲ್ಲ.

ಬೇಸಿಗೆಯಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು, ಹಳೆಯದನ್ನೆಲ್ಲ ನಾಶ ಮಾಡುತ್ತೇವೆ ಅಂತ ನಮ್ಮ ಮನೆಗೆ ನುಗ್ಗಿದವರ ಮುಂದಾಳು ಯಾರು ಗೊತ್ತೇ, ಶ್ಯಾವಿಗೆ ಅಂಗಡಿಯ ಫೆಂಗ್‌ಶಿಯಾ. ಅವಳಪ್ಪ ಅಂಗಡಿ ತೆರೆದಾಗ ನಿಮ್ಮಪ್ಪನೇ ನಾಮಫಲಕ ಬರೆದುಕೊಟ್ಟಿದ್ದರು. ಅವಳು ಮೊದಲು ಆ ಫಲಕವನ್ನೇ ಇಳಿಸಿ ಕೊಡಲಿಯಿಂದ ಸೀಳಿದಳು. ಆಮೇಲೆ ಅದೇ ಕೊಡಲಿ ಹಿಡಿದು ನಮ್ಮ ಹೊಸ್ತಿಲು ದಾಟಿದಳು. ಅಪ್ಪ ಬರೆದ ಕಮಲದ ಚಿತ್ರಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿಸಿದಳು. "ಈ ಕಮಲ ಯಾಕೆ ಒಣಗಿದೆ? ನಮ್ಮ ಹೊಸ ನಾಡು ಒಣಗಿಹೋಗಿದೆ ಅಂತ ಹೇಳ್ತಿದ್ದೀಯಾ ಮುದುಕಾ?" ಅಂತ ಕೇಳಿದಳು. ಅಪ್ಪ ನಿಜ ಹೇಳಿದರು, "ಚಳಿಗಾಲದಲ್ಲಿ ಕಮಲ ಒಣಗುತ್ತಮ್ಮ." ಆ ಮಾತಿಗೆ ಮಸಿಯ ಬಟ್ಟಲನ್ನೇ ಬಾಯಿಗೆ ಸುರಿದರು. ಒಡೆದ ಹೆಂಚಿನ ಚೂರಿನ ಮೇಲೆ ಮಂಡಿಯೂರಿಸಿದರು. ಬಾಯಿಂದ ಕರಿ, ಮಂಡಿಯಿಂದ ಕೆಂಪು. ಅವರ ಎದುರಿಗೆ ಚಿತ್ರಗಳು ಉರಿಯುತ್ತಿದ್ದವು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಊರಿನವರೂ ಒಬ್ಬೊಬ್ಬರಾಗಿ ಬಂದು ಹೊಡೆಯಬೇಕಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವನು ತಾಂಗ್ ಚಿಕ್ಕಪ್ಪ. ಹೌದು, ನಮ್ಮ ಮೊಹರು ಕೆತ್ತುವ ತಾಂಗ್, ಪ್ರತಿ ಸಂಜೆ ನಮ್ಮ ಮನೆಯಲ್ಲಿ ಬೆಚ್ಚನೆ ಹೆಂಡ ಕುಡಿದು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದವನು. ಅವನ ಏಟಿಗೆ ಅಪ್ಪನ ಹಲ್ಲು ಹಾರಿತು. ಅವನ ಹೆಸರು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಆದರೆ ಬೇರೆ ತರಹ.

ಆಮೇಲೆ ಫೆಂಗ್‌ಶಿಯಾ ಒಂದು ಶಿಕ್ಷೆ ಹುಡುಕಿದಳು. ಅಪ್ಪ ಪ್ರತಿದಿನ ದೊಡ್ಡ ಹಾಳೆಯಲ್ಲಿ ತಮ್ಮ ತಪ್ಪುಗಳನ್ನು ತಾವೇ ಬರೆದು ಸೇತುವೆಯ ಪಕ್ಕದ ಗೋಡೆಗೆ ಹಚ್ಚಬೇಕು. ನಾನು ನಾಯಿ, ನಾನು ಹಳೆಯ ಕಾಲದ ಹುಳು, ಹೀಗೆ. ಅಪ್ಪ ಬರೆದರು. ಅಂಟು ನಾನು ಕುದಿಸಿಕೊಟ್ಟೆ. ಬೆಳಗಾಗುವಷ್ಟರಲ್ಲಿ ಹಾಳೆ ಮಾಯ. ಮರುದಿನ ಇನ್ನೊಂದು ಬರೆದರು, ಅದೂ ಮಾಯ. ಪ್ರತಿ ಹಾಳೆಗೂ ಏಟು. ಅಪ್ಪನೇ ಯಾರಿಗೋ ಹೇಳಿ ತೆಗೆಸುತ್ತಿದ್ದಾರೆ ಅಂತ ಅವರ ಲೆಕ್ಕ. ಕೊನೆಗೆ ಫೆಂಗ್‌ಶಿಯಾ ನಮ್ಮ ಅಡುಗೆಮನೆಗೇ ಬಂದು, ನನ್ನ ಗಂಜಿ ಪಾತ್ರೆಯ ಮುಚ್ಚಳ ತೆಗೆದು ಮೂಸಿ, "ಅತ್ತೆ, ಗಂಡನಿಗೆ ಹೇಳಿ. ಇನ್ನೊಂದು ಹಾಳೆ ಕಾಣೆಯಾದರೆ ಬರೆಯೋ ಕೈಯೇ ಕಾಣೆಯಾಗುತ್ತೆ" ಅಂದಳು. ಮುಚ್ಚಳ ಸರಿಯಾಗಿ ಮುಚ್ಚಿ ಹೋದಳು.

ನನಗೆ ಅನ್ನ ಇಳಿಯಲಿಲ್ಲ. ಅಪ್ಪನ ಕಾಲು ಹಿಡಿದುಕೊಂಡೆ, ಕೆಟ್ಟದಾಗಿ ಬರೀರಿ ಅಂತ. ಯಾರಿಗೂ ಕದಿಯುವ ಆಸೆ ಬರದ ಹಾಗೆ, ಕೋಳಿ ಕೆದರಿದ ಹಾಗೆ. "ಹಂಗೆ ಬರೆಯೋಕೆ ಬಂದಿದ್ದರೆ ಅಕ್ಷರ ತಿದ್ದೋಕೆ ಅಂತ ಚಿಕ್ಕಂದಿನಲ್ಲಿ ಗುರುಗಳ ಕೈಲಿ ಯಾಕೆ ಅಷ್ಟು ಒದೆ ತಿನ್ನುತ್ತಿದ್ದೆ ಕಣೇ" ಅಂದರು. ಆದರೂ ನನ್ನ ಅಳು ನೋಡಲಾರದೆ, ಕೂದಲು ಉದುರಿದ ಪೊರಕೆಯಂಥ ಕುಂಚ ತೆಗೆದುಕೊಂಡು ಬರೆದರು. ಏಟಿಗೆ ಕೈ ಊದಿತ್ತು. ಬರೆದು ಮುಗಿಸಿ ಹಾಳೆಯನ್ನು ತುಂಬ ಹೊತ್ತು ನೋಡುತ್ತ ಕೂತರು. ನಾನೂ ನೋಡಿದೆ. ನನಗೆ ಹೆಚ್ಚು ಓದು ಬರದಿದ್ದರೂ ನಾನು ಚಿತ್ರಪಟ ಕಟ್ಟುವವನ ಮಗಳು, ಅವರು ಬರೆದದ್ದರಲ್ಲೆಲ್ಲ ಅದೇ ಚೆಂದ ಅಂತ ಗೊತ್ತಾಯಿತು. ಅದು ಎಲ್ಲಕ್ಕಿಂತ ಬೇಗ ಮಾಯವಾಯಿತು.

ಪುಣ್ಯಕ್ಕೆ ಆ ದಿನ ಫೆಂಗ್‌ಶಿಯಾ ಜಿಲ್ಲಾ ಸಭೆಗೆ ಹೋಗಿದ್ದಳು. ಯಾರಾದರೂ ನೋಡುವ ಮೊದಲೇ ಇನ್ನೊಂದು ಹಚ್ಚೋಣ ಅಂತ ನಾನೇ ಗೋಡೆಯ ಹತ್ತಿರ ಓಡಿದೆ. ಅಲ್ಲಿ ಕಂಡದ್ದನ್ನು ಕೇಳು, ಯಾನ್. ಗೋಡೆಯ ಮೇಲಿನ ಬೇರೆಯವರ ಹಾಳೆಗಳೆಲ್ಲ ಗಾಳಿಮಳೆಗೆ ಅರ್ಧ ಹರಿದು, ಸಿಪ್ಪೆಯಾಗಿ ಗೋಡೆಗೇ ಅಂಟಿದ್ದವು. ಅಪ್ಪನ ಹಾಳೆ ಇದ್ದ ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟವಾಗಿತ್ತು. ನಾನು ಕುದಿಸಿದ್ದು ಚಿತ್ರಪಟ ಕಟ್ಟುವ ಅಂಟು. ಹಿಟ್ಟನ್ನು ನೀರಲ್ಲಿ ತೊಳೆದು ಜಿಗುಟು ತೆಗೆದು, ಹುಳಿ ಬರಿಸಿ, ತೆಳ್ಳಗೆ ಕಾಸಿದ್ದು. ಒಳ್ಳೆಯ ಬರಹವನ್ನು ಮುಂದೆ ಯಾರಾದರೂ ಬಿಡಿಸಿ ಹೊಸದಾಗಿ ಕಟ್ಟಬೇಕಾಗುತ್ತದೆ, ಅವರು ನಿನ್ನನ್ನು ಬೈಯಬಾರದು ಅಂತ ತಾತ ಹೇಳಿಕೊಟ್ಟಿದ್ದರು. ನನಗೆ ಬೇರೆ ತರಹ ಅಂಟು ಮಾಡಲು ಗೊತ್ತೇ ಇಲ್ಲ. ಗೋಡೆಗೆ ಹಚ್ಚಿ ಉಗಿಸಿಕೊಳ್ಳುವ ಹಾಳೆಗೂ ಅದನ್ನೇ ಮಾಡಿದ್ದೆ.

ಆ ಅಂಟನ್ನು ಬಿಡಿಸುವುದಕ್ಕೂ ತಿಳಿದವರೇ ಬೇಕು. ಬಾಯಲ್ಲಿ ನೀರು ತುಂಬಿಕೊಂಡು ಹನಿಹನಿಯಾಗಿ ಊದಿ, ಕಾದು, ಮೂಲೆಯಿಂದ ಎತ್ತಬೇಕು. ಈ ಊರಲ್ಲಿ ಅದನ್ನು ಬಲ್ಲವರು ನಾನು, ಬಿಟ್ಟರೆ ನಮ್ಮ ಅಂಗಡಿಯಲ್ಲಿ ನೋಡಿ ಕಲಿತಿದ್ದ ತಾಂಗ್.

ಸೀದಾ ಅವನ ಮನೆಗೆ ಹೋದೆ. ಚಾಪೆ ಎತ್ತಿದೆ. ಎಲ್ಲ ಹಾಳೆಗಳೂ ಅಲ್ಲಿದ್ದವು, ಒಂದು ಸುಕ್ಕಿಲ್ಲ. "ಹಗಲಲ್ಲಿ ಹಲ್ಲು ಉದುರಿಸ್ತೀಯ, ನಸುಕಲ್ಲಿ ಅಕ್ಷರ ಕದೀತೀಯ. ನೀನು ಮನುಷ್ಯನಾ ತಾಂಗ್?" ಅಂತ ಕೇಳಿದೆ.

ಅವನು ತಲೆ ಎತ್ತಲಿಲ್ಲ. "ಅತ್ತಿಗೆ, ಮೆಲ್ಲಗೆ ಹೊಡೆದಿದ್ದರೆ ನನ್ನನ್ನೂ ಪಕ್ಕದಲ್ಲಿ ಕೂರಿಸ್ತಿದ್ದರು, ಇವನ್ನ ಯಾರು ತರ್ತಿದ್ದರು?" ಅಂದ. ಆಮೇಲೆ ಒಂದು ಹಾಳೆ ಬಿಡಿಸಿ ಬೆರಳು ತೋರಿಸಿದ. "ಇಲ್ಲಿ ನೋಡಿ, ನಾಯಿ ಅಂತ ಬರೆದಿದ್ದಾನಲ್ಲ, ಈ ಕೊನೇ ಎಳೆತ. ಜನ್ಮದಲ್ಲಿ ಹಿಂಗೆ ಬರೆದವನಲ್ಲ ಅವನು. ಚೆನ್ನಾಗಿ ಕಾಣಬೇಕು ಅನ್ನೋ ಆಸೆ ಅವನಿಗಿತ್ತು, ಇಲ್ಲಿ ಅದು ಹೋಯ್ತು. ಇದನ್ನ ಮಳೆಗೆ ಬಿಟ್ಟು ನಾನು ಹೆಂಗೆ ನಿದ್ದೆ ಮಾಡಲಿ?"

"ಅವರ ಕೈ ಹೋಗುತ್ತೆ ಕಣೋ" ಅಂದೆ. "ಇನ್ನು ಮುಟ್ಟಲ್ಲ ಅತ್ತಿಗೆ" ಅಂದ. ನಾನು ನಂಬಲಿಲ್ಲ. ಹೆಂಡದ ಗಡಿಗೆಯ ಮುಂದೆ ಇವನು ಇಡುತ್ತಿದ್ದ ಆಣೆಗಳನ್ನು ಎಷ್ಟು ಕೇಳಿಲ್ಲ. ಮನೆಗೆ ಬಂದವಳೇ ಹಂದಿ ಚರ್ಮ ಕುದಿಸಿ ಬಡಗಿಗಳ ಗೋಂದು ಮಾಡಿದೆ. ಅಪ್ಪನ ಹೊಸ ಹಾಳೆಯನ್ನು ಅದರಲ್ಲೇ ಹಚ್ಚಿದೆ. ಕಲ್ಲಾದರೂ ಕಿತ್ತು ಬರಬೇಕು, ಹಾಳೆ ಬರಬಾರದು. ಆ ದಿನ ಸ್ವಲ್ಪ ಗಂಜಿ ಕುಡಿದೆ.

ಬೆಳಕು ಹರಿಯುವ ಹೊತ್ತಿಗೆ ಸೇತುವೆಯ ಕಡೆ ಗದ್ದಲ. ತಾಂಗ್ ಬಂದೇ ಬಂದಿದ್ದಾನೆ. ನೀರು ಊದಿದ್ದಾನೆ, ಬಂದಿಲ್ಲ. ಮೊಹರು ಕೆತ್ತುವ ಉಳಿಯಿಂದ ಅಂಚು ಕೆರೆಯುತ್ತ ನಿಂತಿದ್ದಾನೆ. ಊರಿಗೆ ವಾಪಸಾಗಿದ್ದ ಫೆಂಗ್‌ಶಿಯಾ ಅಂಗಡಿಯ ಒಲೆ ಹಚ್ಚಲು ಬಂದವಳು ಹಿಂದೆಯೇ ನಿಂತು, "ಏನು ತಾತ, ಗೋಡೆಗೆ ಕ್ಷೌರ ಮಾಡ್ತಿದ್ದೀಯಾ?" ಅಂದಳಂತೆ. ತೆಳು ಅಂಟು ಇದ್ದಿದ್ದರೆ ಅವನು ಆಗಲೇ ಮನೆ ಸೇರಿರುತ್ತಿದ್ದ, ಹಾಳೆ ಕಾಣೆಯಾಗಿ ಅಪ್ಪನ ಕೈ ಹೋಗುತ್ತಿತ್ತು. ಗಟ್ಟಿ ಅಂಟು ಹಾಕಿದ್ದಕ್ಕೆ ಅವನು ಸಿಕ್ಕಿಬಿದ್ದ. ಯಾವ ಅಂಟು ಹಾಕಬೇಕಿತ್ತು, ನೀನೇ ಹೇಳು. ಓದಿದವಳು ನೀನು.

ಇಬ್ಬರೂ ಸೇರಿ ಮಾಡಿದ್ದು ಅಂತ ತೀರ್ಮಾನಿಸಿ ಅಪ್ಪನನ್ನೂ ಎಳೆದು ತಂದರು. ಚಾಪೆಯ ಕೆಳಗಿನ ಹಾಳೆಗಳೂ ಬಂದವು, ಶ್ಯಾವಿಗೆಯ ಒಲೆಗೆ ಹೋದವು. ಹಿಟ್ಟು ನಾದುವ ಮೇಜನ್ನು ಬೀದಿಗೆ ತಂದು ಅಪ್ಪನ ಬಲಗೈಯನ್ನು ಅದರ ಮೇಲೆ ಕಟ್ಟಿದರು. ಫೆಂಗ್‌ಶಿಯಾ ಕೊಡಲಿಯನ್ನು ತಿರುಗಿಸಿ, ಅದರ ಬೆನ್ನು ಕೆಳಗೆ ಬರುವಂತೆ ತಾಂಗ್‌ನ ಕೈಗೆ ಕೊಟ್ಟಳು. "ಅಕ್ಷರದ ಮೇಲೆ ಅಷ್ಟು ಪ್ರೀತಿ ಇದ್ದರೆ ನೀನೇ ಮುಗಿಸು. ಇಲ್ಲಾಂದ್ರೆ ಕೊಡಲಿಯ ಬಾಯಿ ಕಡೆಯಿಂದ ಇಬ್ಬರ ಕೈಯನ್ನೂ ನಾನು ಮುಗಿಸ್ತೀನಿ" ಅಂದಳು.

ತಾಂಗ್ ಕೊಡಲಿ ಎತ್ತಲಾರದೆ ನಿಂತಿದ್ದ. ಆಗ ಅಪ್ಪ ಏನಂದರು ಗೊತ್ತಾ? ಹೆಂಡದ ಮುಂದೆ ಕೂತು ಅವನನ್ನು ಛೇಡಿಸುತ್ತಿದ್ದರಲ್ಲ, ಅದೇ ದನಿಯಲ್ಲಿ, "ಉಳಿ ಕಲ್ಲಿನ ಮೇಲೆ ಒಂದೇ ಸಲ ಓಡಬೇಕು, ಎರಡನೇ ಸಲ ಓಡಿಸೋನು ಕಸುಬುದಾರನೇ ಅಲ್ಲ ಅಂತ ನನ್ನ ತಲೆ ತಿಂತಿದ್ದೆಯಲ್ಲೋ. ತೋರಿಸು ನೋಡೋಣ" ಅಂದರು.

ಅವನು ಒಂದೇ ಸಲ ಹೊಡೆದ.

ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ತರಕಾರಿ ಹೆಚ್ಚಲು ಕೂತರೂ ಬರುತ್ತದೆ. ಮೂಳೆ ಕಟ್ಟುವವನು ಹೆದರಿ ಬಾಗಿಲು ಹಾಕಿಕೊಂಡ. ನಾನೇ ಬಿದಿರಿನ ಸೀಳು ಇಟ್ಟು, ಚಿತ್ರಪಟದ ಅಂಚಿಗೆ ಅಂತ ತಾತ ಬಿಟ್ಟುಹೋಗಿದ್ದ ರೇಷ್ಮೆ ಹರಿದು ಸುತ್ತಿದೆ. ಹೆಬ್ಬೆರಳು ಉಳಿದಿದೆ. ಉಳಿದ ಬೆರಳು ಇವೆ, ಆದರೆ ಅವು ಬೆರಳಲ್ಲ. ಇಗೋ, ನಿನ್ನ ಪ್ರಶ್ನೆಗೆ ಉತ್ತರ ಬರೆದೆ.

ಈಗ ಇಬ್ಬರೂ ಸೇತುವೆಯ ಬೀದಿ ಗುಡಿಸುತ್ತಾರೆ. ಮಾತಿಲ್ಲ. ಅಪ್ಪನಿಗೆ ಒಂದೇ ಕೈ ಅಂತ ತಾಂಗ್ ಅವರ ಪಾಲಿನ ಕಸವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಬರವಣಿಗೆಯ ಶಿಕ್ಷೆ ನಿಂತಿದೆ. ಬಾಯಿಬಿಟ್ಟು ಹೇಳುವ ಮಾತಲ್ಲ ಇದು, ಮಗಳೇ, ಆದರೆ ಕೈ ಹೋದ ಮೇಲೆ ನಾನು ರಾತ್ರಿ ನಿದ್ದೆ ಮಾಡುತ್ತಿದ್ದೇನೆ. ಕದಿಯಲು ಏನೂ ಇಲ್ಲದ ಮನೆಗೆ ಯಾರು ಬರುತ್ತಾರೆ.

ನೀನು ಅಪ್ಪನ ಸಂಬಂಧ ಕಡಿದುಕೊಂಡೆ ಅಂತ ಬರೆದುಕೊಟ್ಟ ಕಾಗದವನ್ನು ಫೆಂಗ್‌ಶಿಯಾ ಇಲ್ಲಿ ಎಲ್ಲರ ಮುಂದೆ ತೋರಿಸಿದಳು. ಅದನ್ನು ನೆನೆದು ನೀನು ಊಟ ಬಿಡಬೇಡ. ಅಪ್ಪ ಅದನ್ನು ಹತ್ತಿರ ಹಿಡಿದು ನೋಡಿ, "ಅಡ್ಡಗೆರೆ ಇನ್ನೂ ಸೊಂಟ ಮುರಿದ ಹಾಗೇ ಇದೆ ಇವಳದು" ಅಂದರು, ಅಷ್ಟೇ. ಊರಿಗೆ ಬರಬೇಡ. ಒಳ್ಳೆಯ ಬಟ್ಟೆ ಹಾಕಬೇಡ. ಕೈಗವಸು ಮಾತ್ರ ಹಾಕು.

ಲಕೋಟೆಯ ವಿಷಯ ಹೇಳುತ್ತೇನೆ ಅಂದಿದ್ದೆ. ಅದು ಅಪ್ಪನ ಎಡಗೈ. ಕಾಗದ ಬರೆಯುತ್ತೇನೆ ಅಂದಾಗ ಲಕೋಟೆ ಇತ್ತ ಕೊಡು ಅಂದರು. ನಿನ್ನ ಹೆಸರು ಬರೆಯುವಷ್ಟರಲ್ಲಿ ಬೆವರು ಇಳಿಯಿತು. ಮಗು ಗೀಚಿದ ಹಾಗಿದೆ. ಅವರೇ ನೋಡಿ ನಕ್ಕು, "ಕೆಟ್ಟದಾಗಿ ಬರೀರಿ ಅಂತ ಅಳ್ತಿದ್ದೆಯಲ್ಲ, ತಗೋ" ಅಂದರು. ನನಗೂ ನಗು ಬಂತು. ಎಷ್ಟು ತಿಂಗಳಾಗಿತ್ತೋ.

ಸದಾ ನಿನ್ನದೇ ಚಿಂತೆಯಲ್ಲಿರುವ,
ನಿನ್ನ ಅಮ್ಮ
ಲುವೊ ಸುಚಿಂಗ್

ತಾ.ಕ.: ಇದನ್ನು ದೋಣಿಕಟ್ಟೆಯಲ್ಲಿ ನಿಂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ದೋಣಿ ಹೊರಡುತ್ತಿದೆ. ಬರುವಾಗ ತಾಂಗ್ ಬೀದಿ ಗುಡಿಸುತ್ತಿದ್ದ. ನನ್ನ ಕೈಲಿದ್ದ ಲಕೋಟೆ ನೋಡಿ ಪೊರಕೆ ಕೆಳಗೆ ಬಿಟ್ಟ. ತಗೊಂಡು ಬೆಳಕಿಗೆ ಹಿಡಿದ. ಇದು ಯಾರು ಬರೆದದ್ದು ಅಂತ ಕೇಳಲೂ ಇಲ್ಲ. "ಅತ್ತಿಗೆ, ಇದನ್ನ ನನಗೆ ಕೊಡಿ, ಬೇರೆ ಲಕೋಟೆ ನಾನು ತಂದುಕೊಡ್ತೀನಿ" ಅಂದ. ಅವನ ಕಣ್ಣು ಆ ಹಾಳೆ ಬಿಡಿಸಿ ತೋರಿಸಿದ ದಿನ ಇದ್ದ ಹಾಗೇ ಇತ್ತು. ಕಿತ್ತುಕೊಂಡು ಓಡಿ ಬಂದೆ. ಕಾಗದ ಓದಿ ಸುಟ್ಟುಬಿಡು. ಲಕೋಟೆಯನ್ನು ಯಾರಿಗೂ ತೋರಿಸಬೇಡ, ಎಲ್ಲಿಯೂ ಅಂಟಿಸಬೇಡ. ತಾಂಗ್ ಇದಕ್ಕೂ ಆಸೆಪಟ್ಟ ಅಂತ ಅಪ್ಪನಿಗೆ ಮಾತ್ರ ನಾನು ಹೇಳುವುದಿಲ್ಲ, ಈ ಕೈಯಾದರೂ ಉಳಿಯಲಿ.