ಕೈಬಿಟ್ಟ ಮೂರು ಸಾಲು

ಶನಿವಾರ, ಮಧ್ಯಾಹ್ನ

ನನ್ನ ಮುದ್ದಿನ ಮೊಮ್ಮಗಳಿಗೆ ಅಜ್ಜಿ ಮಾಡುವ ಆಶೀರ್ವಾದಗಳು.

ನಿನ್ನ ತಂದೆಯ ಫೋನಿಗೆ ನೀನು ಕಳುಹಿಸಿದ ಒಂದೇ ಸಾಲನ್ನು ಅವನು ನನಗೆ ಓದಿ ಹೇಳಿದ. “ಅಜ್ಜಿ, ಪೆನ್ಸಿಲ್‌ನಲ್ಲಿ ಬರ್ಕೊಂಡ್ರಲ್ಲ, ಆ ಚೀಟಿಗಳೆಲ್ಲಿ?” ಎಂದು ಕೇಳಿದ್ದೀಯ. ಕೋರ್ಟಿನ ಮುಂದೆ ಮೂವತ್ತೊಂದು ವರ್ಷ ಮೇಜು ಹಾಕಿಕೊಂಡು ಕಂಡವರ ಅರ್ಜಿ ಬರೆದವಳಿಗೆ ಒಂದು ಸಾಲಿನ ಉತ್ತರ ಒಗ್ಗದು. ಆದ್ದರಿಂದ ಈ ಪತ್ರ.

ಮೊದಲು ನಿನ್ನ ತಪ್ಪನ್ನು ನಮೂದಿಸುತ್ತೇನೆ. ಮೊಡವೆಗೆಂದು ನಿನ್ನ ಚಿಕ್ಕಪ್ಪ ತನ್ನ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ಮಾತ್ರೆಯನ್ನು ನೀನು ನಾಲ್ಕು ತಿಂಗಳು ನುಂಗಿದೆ. ಆಮೇಲೆ ಅದೇ ಮಾತ್ರೆ ನುಂಗುವವರೆಲ್ಲ ಸೇರುವ ಫೋನಿನ ಗುಂಪಿನಲ್ಲಿ ಒಡೆದ ತುಟಿಯ ಫೋಟೊ ಹಾಕಿ, “ಡಾಕ್ಟರಿಗೆ ಮೂರು ಸಲ ಹೇಳಿದೆ, ಮೂರು ಸಲವೂ ನಕ್ಕರು” ಎಂದು ಬರೆದೆ. ಹೆಸರು ಬರೆಯಲಿಲ್ಲ, ಒಪ್ಪುತ್ತೇನೆ. ಆದರೆ ಡಾಕ್ಟರ್ ಯಾರೆಂದು ನಮ್ಮನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕೆ? ಮನೆಯ ಮಾತನ್ನು ಬೀದಿಗೆ ಹಾಕಿದೆ.

ನಿನ್ನ ಚಿಕ್ಕಪ್ಪ ಅದರ ಕೆಳಗೇ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿರುವ ನಿನ್ನ ಪುಟದ ಫೋಟೊ ಹಾಕಿದ. ಸದರಿ ಪುಟದಲ್ಲಿ ನಿನ್ನ ಯಾವ ದೂರೂ ಇಲ್ಲ. ಅಕ್ಷರ ನನ್ನದು. ಈಗ ಕ್ಲಿನಿಕ್ಕಿನಲ್ಲಿ ರೋಗಿಗಳು ಒಳಗೆ ಹೋಗುವ ಮುನ್ನ ನನ್ನ ಮೇಜಿನ ಮುಂದೆ ಕುಳಿತು ತಮ್ಮ ಕಷ್ಟ ಹೇಳುತ್ತಾರೆ, ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡು ಮಧ್ಯಾಹ್ನ ರಿಜಿಸ್ಟರಿಗೆ ಇಳಿಸುತ್ತೇನೆ. ಇದು ನಿನಗೆ ತಿಳಿದದ್ದೇ.

ಅನಂತರ ಜನ ನಿನ್ನನ್ನು ಸುಳ್ಳಿ ಎಂದರು, ಲೈಕಿಗೋಸ್ಕರ ಕಥೆ ಕಟ್ಟುವವಳೆಂದರು. ನೀನು ಗೆಳತಿಯ ರೂಮು ಸೇರಿ ಮೂರು ವಾರವಾಯಿತು. ಕಾಲೇಜಿಗೂ ಹೋಗುತ್ತಿಲ್ಲ, ಪರದೆಯನ್ನೂ ಸರಿಸುತ್ತಿಲ್ಲ ಎಂದು ನಿನ್ನ ತಂದೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅದೇ ಫೋಟೊದ ಕೆಳಗೆ ಯಾರೋ ಪುಣ್ಯಾತ್ಮರು “ಎಂಥ ಮುತ್ತಿನಂಥ ಅಕ್ಷರ! ಇಷ್ಟು ಅಚ್ಚುಕಟ್ಟಾಗಿ ಬರೆಯೋರು ಸುಳ್ಳು ಬರೀತಾರಾ?” ಎಂದು ಕೇಳಿದ್ದಾರೆ. ಕ್ಲಿನಿಕ್ಕಿನ ನರ್ಸ್ ಅದನ್ನು ಓದಿ ಹೇಳಿದಾಗ ನಾನು ಹಿಗ್ಗಿದೆ. ಮತ್ತೊಮ್ಮೆ ಓದು ಎಂದೆ. ಅವಳು ಓದಲಿಲ್ಲ. “ಮಿಕ್ಕಿದ್ದನ್ನ ನೀವೇ ಓದ್ಕೊಳ್ಳಿ ಅಮ್ಮಾ” ಎಂದು ಫೋನನ್ನು ಕೈಗಿಟ್ಟು ಹೋದಳು.

ಓದಿದೆ. ಹಾಜರಿ ಕರೆಯುವಾಗ ಮೂಗಿನಿಂದ ರಕ್ತ ಸೋರಿ ಪುಸ್ತಕದ ಮೇಲೆ ಬಿತ್ತೆಂದು ಒಬ್ಬ ಮೇಷ್ಟ್ರು ಬರೆದಿದ್ದಾರೆ. ಮೆಟ್ಟಿಲು ಹತ್ತಿದರೆ ಮಂಡಿ ತನಗಿಂತ ಮುದಿಯಾದಂತೆ ನೋಯುತ್ತದೆಂದು ದರ್ಜಿಯೊಬ್ಬಳು. ಹತ್ತು ವರ್ಷದ ಮೇಲೆ ಕನ್ನಡಿ ನೋಡುವ ಧೈರ್ಯ ಬಂತು, ಮಾತ್ರೆ ತನ್ನನ್ನು ಬದುಕಿಸಿತು, ಆದರೆ ತನ್ನ ಡಾಕ್ಟರ್ ಪ್ರತಿ ತಿಂಗಳೂ ಕೂರಿಸಿಕೊಂಡು ಕೇಳುತ್ತಿದ್ದರು ಎಂದು ಇನ್ನೊಬ್ಬಳು. ಎಲ್ಲಕ್ಕಿಂತ ಕೆಳಗೆ ಒಂದು ಹುಡುಗಿ: “ನನಗೂ ಹಂಗೇ ಆಗ್ತಿದೆ. ಡಾಕ್ಟರಿಗೆ ಹೇಳೋಣ ಅಂತಿದ್ದೆ. ಈ ಅಕ್ಕನಿಗೆ ಮಾಡಿದ್ದು ನೋಡಿ ಬಾಯಿ ಮುಚ್ಕೊಂಡೆ.”

ನನ್ನ ಮೇಜಿನ ಮುಂದೆ ಕುಳಿತ ಯಾರೂ ಹಿಂದೆ ಬಾಯಿ ಮುಚ್ಚಿಕೊಂಡು ಎದ್ದು ಹೋದದ್ದಿಲ್ಲ.

ಇರಲಿ. ನಿನ್ನ ಪ್ರಶ್ನೆಗೆ ಉತ್ತರ: ರಿಜಿಸ್ಟರಿಗೆ ಇಳಿಸಿದ ಮೇಲೆ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕುವುದು ಕ್ಲಿನಿಕ್ಕಿನ ಪದ್ಧತಿ. ಪುಸ್ತಕದಲ್ಲಿ ಇಲ್ಲದ್ದನ್ನು ಇತ್ತೆಂದು ಹೇಳಲು ನನ್ನಿಂದಾಗದು. ಚಿಕ್ಕಪ್ಪನಿಗೆ ನೀನು ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಮನೆ ಮತ್ತೆ ಮನೆಯಾದೀತು. ದೊಡ್ಡವಳ ಮಾತು ನಡೆಸಿಕೊಡಬೇಕಾಗಿ ಕೋರುತ್ತೇನೆ.

ಇಂತಿ,
ನಿನ್ನ ಅಜ್ಜಿ

ತಾ.ಕ. (ಸೋಮವಾರ, ಸಂಜೆ): ಶುದ್ಧ ಪ್ರತಿ ತೆಗೆಯುವ ಮುನ್ನ ಒಮ್ಮೆ ಓದಿಕೊಳ್ಳುವುದು ನನ್ನ ರೂಢಿ. ಓದಿಕೊಂಡೆ. ರಿಜಿಸ್ಟರಿನ ಪುಟದಲ್ಲಿರುವ ದೋಷವೇ ಇದರಲ್ಲೂ ಇದೆ. ಇದಕ್ಕೆ ಶುದ್ಧ ಪ್ರತಿ ತೆಗೆಯುವುದಿಲ್ಲ.

ಪದ್ಧತಿ ಏನೇ ಇರಲಿ, ನಾನು ಮೂಲವನ್ನು ಎಂದೂ ಹರಿದವಳಲ್ಲ. ನಿನ್ನ ಮೂರು ಚೀಟಿಗಳನ್ನು ಇದರೊಡನೆ ಇಟ್ಟಿದ್ದೇನೆ. ಒಂದರಲ್ಲಿ ತುಟಿ, ಮೂಗಿನ ರಕ್ತ. ಒಂದರಲ್ಲಿ ಸೊಂಟ, ಮಂಡಿ. ಮೂರನೆಯದರಲ್ಲಿ, “ಬೆಳಿಗ್ಗೆ ಏಳೋಕೇ ಮನಸ್ಸಿಲ್ಲ ಅಜ್ಜಿ, ಸುಮ್‌ಸುಮ್ನೆ ಅಳು ಬರುತ್ತೆ.” ನೀನು ಅಂದಂತೆಯೇ ಬರೆದುಕೊಂಡಿದ್ದೆ. ನಿನ್ನ ಚಿಕ್ಕಪ್ಪ ಓದಿ, “ನಮ್ಮ ದಾಳಿಂಬೆ ಮುಖದವಳಿಗೆ ತುಟಿಯೂ ಕೆಂಪಾಗಿದೆ, ಲಿಪ್‌ಸ್ಟಿಕ್ ಬೇಡ ಬಿಡು” ಎಂದು ನಕ್ಕ. “ಮನೆ ಹುಡುಗಿ ತಾನೇ ಅಮ್ಮಾ, ಇದನ್ನೆಲ್ಲ ಬಿಟ್ಟು ಬರಿ” ಎಂದ. ನಾನೂ ನಕ್ಕೆ. ಬಿಟ್ಟು ಬರೆದೆ.

ಇಂದು ಬೆಳಿಗ್ಗೆ ಒಂದು ಹಾಳೆಯಲ್ಲಿ, “ಮೇಲ್ಕಂಡ ಪುಟದಲ್ಲಿ ಮೂರು ಸಾಲುಗಳನ್ನು ಕೈಬಿಡಲಾಗಿದೆ. ಹುಡುಗಿ ಹೇಳಿದ್ದು ನಿಜ. ಕೈಬಿಟ್ಟವಳು ನಾನು, ಅವಳ ಅಜ್ಜಿ” ಎಂದು ಬರೆದು, ನರ್ಸ್ ಕೈಯಲ್ಲಿ ಫೋಟೊ ತೆಗೆಸಿ ಅದೇ ಫೋಟೊದ ಕೆಳಗೆ ಹಾಕಿಸಿದ್ದೇನೆ. ನಿನ್ನ ಚಿಕ್ಕಪ್ಪ ಹೊರಗೆ ಬಂದು ನನ್ನ ಮೇಜಿನಿಂದ ರಿಜಿಸ್ಟರನ್ನು ಎತ್ತಿಕೊಂಡು ಹೋದ.

ಹಾಳೆಯ ಕೆಳಗೆ ಇದುವರೆಗೆ ಅರವತ್ತೆರಡು ಮಂದಿ ಬರೆದಿದ್ದಾರೆ. ಅಕ್ಷರವನ್ನು ಯಾರೂ ಹೊಗಳಿಲ್ಲ.