ಒಲೆಯ ಮುಂದೆ ನೈಲಾನು

ಮಾನ್ಯ ಸಮವಸ್ತ್ರಾಧಿಕಾರಿಗಳೇ, ಹಾಗೂ ತಮ್ಮ ಬೆನ್ನ ಹಿಂದೆ ಅದೃಶ್ಯರಾಗಿ ನೆರೆದಿರುವ ಸಮಸ್ತ ಸುಕ್ಕುರಹಿತ ಮಹಾಜನರೇ,

ಆಸ್ಪತ್ರೆಯ ಅಡುಗೆಮನೆಯವರಿಗೆ ತಾವು ಹೊಲಿಸಿಕೊಟ್ಟ ನೈಲಾನ್ ಏಪ್ರನ್ನು ನನ್ನ ಅಕ್ಕನ ಅಂಗೈಯನ್ನು ಸುಟ್ಟಿದೆ. ವಿಷಯ ಇಷ್ಟೇ. ಇಷ್ಟನ್ನೇ ಬರೆದ ಅರ್ಜಿಯನ್ನು ತಮ್ಮ ಕಚೇರಿಯಲ್ಲಿ ಯಾರೂ ಕಣ್ಣೆತ್ತಿ ನೋಡದ ಕಾರಣ, ಊರೆಲ್ಲ ಓದಲೆಂದು ಉದ್ದವಾಗಿ ಬರೆಯುತ್ತಿದ್ದೇನೆ.

ತಮ್ಮ ಸುತ್ತೋಲೆ ಓದಿ ಪುಳಕಗೊಂಡೆ. ನೈಲಾನು ಸುಕ್ಕಾಗದು, ಸವೆಯದು, ಒಗೆದರೆ ಗಳಿಗೆಯಲ್ಲಿ ಒಣಗುವುದು. ಎಲ್ಲವೂ ದಿಟ. ಬೆಂಕಿಯ ಬಳಿ ಏನಾಗುವುದು ಎಂಬ ಸಾಲು ಮಾತ್ರ ಬಿಟ್ಟುಹೋಗಿದೆ. ಹಾಳೆಯಲ್ಲಿ ಜಾಗ ಸಾಲಲಿಲ್ಲವೇನೋ. ಹತ್ತಿ ಕರಿಕಾಗುತ್ತದೆ, ವಾಸನೆ ಕೊಟ್ಟು ಎಚ್ಚರಿಸುತ್ತದೆ. ನೈಲಾನು ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. ತಾವು ಎಂದಾದರೂ ಒಲೆಯ ಮುಂದೆ ನಿಂತಿದ್ದೀರಾ? ಕಾಫಿ ಯಾಕೆ ಆರಿದೆ ಎಂದು ಗದರಿದ್ದು ಲೆಕ್ಕಕ್ಕಿಲ್ಲ.

ಅಡುಗೆಯವರಿಗೊಂದು ಅಭ್ಯಾಸವಿದೆ. ಅವಸರದಲ್ಲಿ ಇಕ್ಕಳ ಹುಡುಕುವುದಿಲ್ಲ, ಏಪ್ರನ್ನಿನ ತುದಿ ಮಡಿಚಿ ಪಾತ್ರೆ ಇಳಿಸುತ್ತಾರೆ. ಅಕ್ಕನ ಕೈ ವರ್ಷಗಟ್ಟಲೆ ಹತ್ತಿಯನ್ನು ನಂಬಿತ್ತು. ಆವತ್ತು ದೊಡ್ಡ ಬಾಣಲೆಯಲ್ಲಿ ಈರುಳ್ಳಿ ಸೀಯತೊಡಗಿತು. ಕೈ ತಾನಾಗಿ ತುದಿಯನ್ನು ಹಿಡಿಯಿತು, ಕೆಂಡದಂತಿದ್ದ ಕಬ್ಬಿಣದ ಹಿಡಿಯನ್ನೂ ಹಿಡಿಯಿತು. ಆಮೇಲೆ ನೈಲಾನು ಅವಳ ಕೈಯನ್ನು ಹಿಡಿಯಿತು.

ಓಡಿಬಂದ ಮೇಲ್ವಿಚಾರಕರು, "ಅಯ್ಯೋ, ಹೊಸ ಏಪ್ರನ್ನು ಕಣ್ರೀ!" ಎಂದರಂತೆ.

"ಕೈ ಹಳೇದು ಬಿಡಿ ಸಾರ್, ಹೋದ್ರೆ ಹೋಗ್ಲಿ" ಎಂದಳಂತೆ ಅಕ್ಕ.

ಮರುದಿನ ತಮ್ಮಿಂದ ಮೆಮೊ ಬಂತು: ಸಮವಸ್ತ್ರವನ್ನು ವಿರೂಪಗೊಳಿಸಿದ್ದೇಕೆ, ವಿವರಣೆ ಕೊಡಿ. ಕೈಯ ವಿಚಾರ ಅದರಲ್ಲಿ ಇರಲಿಲ್ಲ. ಕೈಯನ್ನು ತಮ್ಮ ವಿಭಾಗ ಹೊಲಿಸಿಕೊಟ್ಟದ್ದಲ್ಲವಲ್ಲ!

ನೈಲಾನಿನ ಮೇಲೆ ನನಗೇನೂ ಹಗೆಯಿಲ್ಲ. ಕೊಡೆಗೆ ಸರಿ, ಹಗ್ಗಕ್ಕೆ ಸರಿ, ಮೀನಿನ ಬಲೆಗೂ ಸರಿ; ಒಲೆಗೆ ಮಾತ್ರ ಸಲ್ಲದ ಸರಕು. ಪ್ರಾಸ ನನ್ನ ಚಟ, ಮನ್ನಿಸಿ. ಮುಲಾಮು ಹಚ್ಚುವಾಗಲೂ ಇದನ್ನೇ ಗುನುಗುತ್ತಿದ್ದೆ. "ಪ್ರಾಸ ಆಮೇಲೆ, ಮೊದ್ಲು ಗಾಳಿ ಹಾಕೋ" ಎಂದಳು ಅಕ್ಕ.

ಆದ್ದರಿಂದ ಹತ್ತಿಯ ಏಪ್ರನ್ನು ಅಡುಗೆಮನೆಗೆ ಮರಳಲಿ. ಮೆಮೊ ತಮ್ಮ ಮೇಜಿಗೆ ಮರಳಲಿ.

ಮಹಾಜನರು ಇನ್ನು ಏಳಬಹುದು. ಸಭೆಯೂ ಇಲ್ಲ, ನನ್ನ ಬೆನ್ನಿಗೆ ಊರೂ ಇಲ್ಲ. ಏಪ್ರನ್ನು ಕಟ್ಟದಿದ್ದರೆ ಒಳಗೆ ಬಿಡುವುದಿಲ್ಲವಂತೆ. ಗಾಯ ಮಾಯುವ ಮೊದಲೇ ಅಕ್ಕ ನಾಳೆ ಅದನ್ನೇ ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುತ್ತಾಳೆ. ಸಾಹೇಬರೇ, ನನಗೆ ಭಯವಾಗಿದೆ.

ಇಂತಿ,
ಪ್ರಾಸ ಮುಗಿದುಹೋದ
ಒಬ್ಬ ತಮ್ಮ