ಹಸುವಿನ ಮುಂಗಾಲು ಮುನಿಸಿಕೊಂಡಿದ್ದು

ಪ್ರೀತಿಯ ಅಕ್ಕನಿಗೆ,

ಹಸುವಿನ ಹಿಂಗಾಲುಗಳು ಮಾಡುವ ನಮಸ್ಕಾರ. ಮುಂಗಾಲುಗಳು, ಅಂದರೆ ನಿನ್ನ ಯಜಮಾನರು, ಪಕ್ಕದಲ್ಲೇ ಕುಳಿತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ.

ಇಲ್ಲಿ ನಮ್ಮ ಕಂಪನಿ ಆಡುತ್ತಿರುವುದು ಹುಡುಗನೊಬ್ಬ ಹಸು ಮಾರಿ ಮಾಯದ ಕಾಳು ತಂದು, ಅದರಿಂದ ಬೆಳೆದ ಮುಗಿಲೆತ್ತರದ ಬಳ್ಳಿ ಹತ್ತಿ ರಾಕ್ಷಸನನ್ನು ಬೀಳಿಸುವ ಆ ಇಂಗ್ಲಿಷ್ ಕಥೆಯ ಸಂಗೀತ ನಾಟಕ. ಅದರ ಹಸುವಿನ ವೇಷದೊಳಗೆ ಮುಂದೆ ಭಾವ, ಹಿಂದೆ ನಾನು. ಬಳ್ಳಿಗೂ ಒಂದು ಹಾಡಿದೆ, ಹಸುವಿಗಿಲ್ಲ. ಅದಕ್ಕೇ ಭಾವ ಮುನಿಸಿಕೊಂಡು, ಪೆಟ್ಟಿಗೆ ಕಟ್ಟಿ ಊರಿಗೆ ಹೊರಟು ನಿಂತಿದ್ದರು.

ನಿನ್ನೆ ಹುಡುಗ ಹಗ್ಗವನ್ನು ವ್ಯಾಪಾರಿಯ ಕೈಗಿಡುವಾಗ ಮುಂದಿನ ಸಾಲಿನ ಪುಟಾಣಿಯೊಬ್ಬಳು ಎದ್ದು, "ಏಯ್, ಹಸು ಮಾರ್ಬೇಡ!" ಎಂದು ಅಳತೊಡಗಿದಳು. ಎಲ್ಲ ಮಕ್ಕಳೂ ದನಿಗೂಡಿಸಿದರು. ಹಸು ಮಾರದಿದ್ದರೆ ಕಾಳಿಲ್ಲ, ಬಳ್ಳಿಯಿಲ್ಲ, ರಾಕ್ಷಸನಿಗೆ ಕೆಲಸವಿಲ್ಲ. ನಾಟಕವೇ ನಿಂತುಹೋಯಿತು. ಆಗ ಹಸುವಿನೊಳಗಿನ ಕತ್ತಲೆಯಿಂದ ಭಾವ ರಾಗ ಎಳೆದರು: "ಅಳಬೇಡ ಪುಟ್ಟೀ, ಆಟ ಮುಗಿಯೋದ್ರೊಳಗೆ ಬಂದ್ಬಿಡ್ತೀನಿ!" ಮಕ್ಕಳು ಒಪ್ಪಿದರು.

ಆದರೆ ರಾಕ್ಷಸ ಬಿದ್ದ ಮೇಲೂ ಒಂದು ಮಗುವೂ ಕುರ್ಚಿ ಬಿಡಲಿಲ್ಲ. "ಹಸು ಎಲ್ಲಿ?" ವೇಷ ಕಳಚಿ ಚಹಾ ಕುಡಿಯುತ್ತಿದ್ದ ನಾವಿಬ್ಬರೂ ಮತ್ತೆ ಹಸುವಾಗಿ ಓಡಿದೆವು. ಅಂಥ ಚಪ್ಪಾಳೆ ರಾಕ್ಷಸನಿಗೂ ಬಿದ್ದಿರಲಿಲ್ಲ. ಇನ್ನು ದಿನವೂ ಹಸು ಹಾಡಬೇಕೆಂದು ಮ್ಯಾನೇಜರರ ಅಪ್ಪಣೆಯಾಗಿದೆ.

ಭಾವ ಪೆಟ್ಟಿಗೆ ಬಿಚ್ಚಿದ್ದಾರೆ, ಸದ್ಯಕ್ಕೆ ಬರುವುದಿಲ್ಲ. ಮಂಡಿಗೆ ಕಟ್ಟುವ ಪಟ್ಟಿ ಒಂದು ಜೊತೆ ಕಳಿಸು. ಉಳಿದಂತೆ ಆರೋಗ್ಯ ಭೇಷಾಗಿದೆ, ಈಗಷ್ಟೇ ನನ್ನನ್ನು ಬೈದರು: "ಏನಯ್ಯಾ ಭಾಮೈದ, ನನ್ನ ಹಾಡಿಗೆ ನಿನ್ನ ಬಾಲ ತಾಳ ತಪ್ತಿದೆಯಲ್ಲ!"

ಗಂಟೆ ಹೊಡೆಯಿತು, ಹಸು ಏಳಬೇಕು.

ಬಾಲ ಸಮೇತ,
ನಿನ್ನ ತಮ್ಮ